ಸ್ಥಿರ ಆಂಜೈನಾದಲ್ಲಿ ವರ್ಷಗಟ್ಟಲೆಯ ನೈಟ್ರೇಟ್ ಮಾತ್ರೆಯನ್ನು ನಿಲ್ಲಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರ, ಬೈಪಾಸ್ ಆದವರ ಅಥವಾ ಎಂದೋ ಎದೆನೋವಿಗೆಂದು ಚಿಕಿತ್ಸೆ ಪಡೆದವರ ಔಷಧಿ ಚೀಟಿಯಲ್ಲಿ ಮೋನೋಟ್ರೇಟ್, ಇಮ್ಡೂರ್, ನೈಟ್ರೋಕಾಂಟಿನ್, ಆಂಜಿಸ್ಪಾನ್, ಸಾರ್ಬಿಟ್ರೇಟ್ ಎಂಬ ಹೆಸರುಗಳಲ್ಲಿ ಒಂದು ಆಗಾಗ ಕಣ್ಣಿಗೆ ಬೀಳುತ್ತದೆ. ಇವೆಲ್ಲ ನೈಟ್ರೇಟ್ ಗುಂಪಿನ ಔಷಧಿಗಳು. ಸ್ಥಿರ ಆಂಜೈನಾಕ್ಕೆ, ಎಂದರೆ ಹೃದಯಕ್ಕೆ ರಕ್ತ ಸಾಲದೆ ಶ್ರಮಕ್ಕೆ ಬಂದು ವಿಶ್ರಾಂತಿಗೆ ಹೋಗುವ ಎದೆನೋವಿಗೆ, ಇವನ್ನು ಕೊಡುತ್ತಾರೆ. ಬರೆದುಕೊಟ್ಟ ದಿನ ಅವಕ್ಕೆ ಸರಿಯಾದ ಕಾರಣ ಇದ್ದಿರುತ್ತದೆ. ಆದರೆ ನೋವು ಪೂರ್ತಿ ಹೋಗಿ ವರ್ಷಗಳು ಕಳೆದರೂ, ಪ್ರತಿ ಭೇಟಿಯಲ್ಲಿ ಹಳೆಯ ಚೀಟಿಯನ್ನೇ ಮುಂದುವರಿಸುವ ರೂಢಿಯಿಂದಾಗಿ, ಈ ಮಾತ್ರೆ ಯಾರೂ ಪ್ರಶ್ನಿಸದೆ ಉಳಿದುಬಿಡುತ್ತದೆ. ಅದನ್ನು ಯಾವಾಗ ನಿಲ್ಲಿಸಬಹುದು, ಹೇಗೆ ನಿಲ್ಲಿಸಬೇಕು, ಯಾರು ನಿಲ್ಲಿಸಲೇಬಾರದು ಎಂಬುದನ್ನು ರೋಗಿಗಳಿಗೂ ಮನೆಯವರಿಗೂ ಊರಿನ ಕುಟುಂಬ ವೈದ್ಯರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇನೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇದನ್ನು ಓದಿ ನಾಳೆ ಬೆಳಿಗ್ಗೆಯಿಂದ ತಾವಾಗಿಯೇ ಮಾತ್ರೆ ಬಿಡಬೇಡಿ. ನಿಮ್ಮ ರಕ್ತನಾಳಗಳ ಸ್ಥಿತಿಯನ್ನು ಬಲ್ಲ ವೈದ್ಯರ ಮುಂದೆ ಈ ವಿಷಯ ಎತ್ತಿ, ಅವರ ಒಪ್ಪಿಗೆ ಮತ್ತು ಮೇಲ್ವಿಚಾರಣೆಯಲ್ಲೇ ಪ್ರಮಾಣ ಇಳಿಸಬೇಕು.

ಈ ಮಾತ್ರೆ ಮಾಡುವ ಕೆಲಸ ಯಾವುದು, ಮಾಡದ ಕೆಲಸ ಯಾವುದು

ನೈಟ್ರೇಟ್ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ಬದಲಾಗಿ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ಮುಖ್ಯವಾಗಿ ಅಭಿಧಮನಿಗಳು ಹಿಗ್ಗುವುದರಿಂದ ಹೃದಯಕ್ಕೆ ಮರಳುವ ರಕ್ತದ ಪ್ರಮಾಣ ಕಡಿಮೆಯಾಗಿ, ಹೃದಯದ ಗೋಡೆಯ ಮೇಲಿನ ಒತ್ತಡ ಇಳಿದು, ಅದಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ನೋವು ಶಮನವಾಗುವುದು ಹೀಗೆ. ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನ್ ಅನ್ನು ಆಂಜೈನಾಕ್ಕೆ ಬಳಸಿ 1879ರಲ್ಲಿ ಪ್ರಕಟಿಸಿದಂದಿನಿಂದ ಇಂದಿನವರೆಗೆ ಈ ಗುಂಪಿನ ಔಷಧಿಗಳು ಅಸಂಖ್ಯ ಜನರ ಎದೆನೋವನ್ನು ಇಳಿಸಿವೆ. ಅದರ ಬಗ್ಗೆ ಅನುಮಾನ ಬೇಡ.

ಆದರೆ ನೋವನ್ನು ಇಳಿಸುವುದು ಬೇರೆ, ಹೃದಯಾಘಾತವನ್ನು ತಡೆಯುವುದು ಬೇರೆ. ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳು ಹೃದಯಾಘಾತದ ಸಾಧ್ಯತೆಯನ್ನೇ ತಗ್ಗಿಸುತ್ತವೆ, ನೈಟ್ರೇಟ್ ಹಾಗಲ್ಲ. ಸ್ಥಿರ ಆಂಜೈನಾದಲ್ಲಿ ದಿನನಿತ್ಯದ ನೈಟ್ರೇಟ್ ಆಯುಸ್ಸನ್ನು ಹೆಚ್ಚಿಸುತ್ತದೆ ಎಂದು ಯಾವ ದೊಡ್ಡ ಅಧ್ಯಯನವೂ ತೋರಿಸಿಲ್ಲ. ಹೃದಯಾಘಾತದ ಶಂಕೆಯಿಂದ ಆಸ್ಪತ್ರೆ ಸೇರಿದ 58,000ಕ್ಕೂ ಹೆಚ್ಚು ಜನರಿದ್ದ ಐಸಿಸ್-4 ಎಂಬ ಬೃಹತ್ ಅಧ್ಯಯನದಲ್ಲಿಯೂ, ಒಂದು ತಿಂಗಳು ಮೋನೋನೈಟ್ರೇಟ್ (ಮೋನೋಟ್ರೇಟ್, ಇಮ್ಡೂರ್‌ಗಳಲ್ಲಿರುವ ನೈಟ್ರೇಟ್) ಪಡೆದವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಲಿಲ್ಲ ಎಂದು 1995ರಲ್ಲಿ ಪ್ರಕಟವಾಯಿತು. ಹಾಗಾಗಿ ನೋವೇ ಇಲ್ಲದವರು ನೋವಿನ ಮಾತ್ರೆಯನ್ನು ಏಕೆ ಮುಂದುವರಿಸಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಇನ್ನೊಂದು ತೊಡಕೂ ಇದೆ. ದಿನದ 24 ಗಂಟೆಯೂ ರಕ್ತದಲ್ಲಿ ನೈಟ್ರೇಟ್ ಇದ್ದರೆ ರಕ್ತನಾಳಗಳು ಅದಕ್ಕೆ ಒಗ್ಗಿಹೋಗಿ ಔಷಧಿಯ ಪರಿಣಾಮ ಕುಂದುತ್ತದೆ. ದಿನಕ್ಕೆ 10ರಿಂದ 14 ಗಂಟೆಗಳ ಬಿಡುವು ಇರುವಂತೆ, ಎಂದರೆ ನಿಧಾನವಾಗಿ ಕರಗುವ ದೀರ್ಘಾವಧಿ ಮಾತ್ರೆಯನ್ನು ಬೆಳಿಗ್ಗೆ ಒಮ್ಮೆ, ಸಾಮಾನ್ಯ ಮೋನೋನೈಟ್ರೇಟನ್ನು ಬೆಳಿಗ್ಗೆ 8ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಕೊಡುವುದು ಇದೇ ಕಾರಣಕ್ಕೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ನುಂಗುತ್ತಿರುವವರು ಔಷಧಿಯ ಪೂರ್ಣ ಲಾಭವನ್ನೂ ಪಡೆಯುತ್ತಿರುವುದಿಲ್ಲ.

ಹಂತ 1: ನಿಲ್ಲಿಸಲು ಕಾರಣ ಇದೆಯೇ ಎಂದು ನೋಡುವುದು

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ, ಕನಿಷ್ಠ ಆರು ತಿಂಗಳಿಂದ ಎದೆನೋವು ಬಂದೇ ಇಲ್ಲದಿರುವುದು. ಇಲ್ಲಿ ಪ್ರಶ್ನೆ ಕೇಳುವ ರೀತಿ ಮುಖ್ಯ. "ನೋವಿದೆಯಾ?" ಎಂದರೆ ನಮ್ಮ ಹಿರಿಯರು "ಏನಿಲ್ಲ, ಆರಾಮ" ಎಂದೇ ಹೇಳುತ್ತಾರೆ. ಅದರ ಬದಲು ಮೆಟ್ಟಿಲು ಹತ್ತುವಾಗ, ಊಟವಾದ ಮೇಲೆ ನಡೆಯುವಾಗ, ನೀರಿನ ಕೊಡ ಎತ್ತುವಾಗ ಎದೆ ಭಾರವಾಗುತ್ತದೆಯೇ, ದವಡೆ ಅಥವಾ ಎಡತೋಳು ಜಗ್ಗುತ್ತದೆಯೇ, ಏದುಸಿರು ಬರುತ್ತದೆಯೇ ಎಂದು ಒಂದೊಂದಾಗಿ ಕೇಳಬೇಕು. ನೋವಿಗೆ ಹೆದರಿ ಓಡಾಟವನ್ನೇ ಕಡಿಮೆ ಮಾಡಿಕೊಂಡವರಲ್ಲಿ ನೋವು ಕಾಣಿಸಿಕೊಳ್ಳದಿರುವುದು ಸಹಜ. ಅದನ್ನು ಗುಣವಾಗಿದೆ ಎಂದು ಲೆಕ್ಕ ಹಾಕಬಾರದು. ಮಧುಮೇಹಿಗಳಲ್ಲಿ ನೋವಿನ ಬದಲು ಬರೀ ಆಯಾಸ ಅಥವಾ ಉಸಿರುಕಟ್ಟುವಿಕೆ ಇರಬಹುದೆಂಬುದೂ ನೆನಪಿರಲಿ.

ಎರಡನೆಯ ಕಾರಣ ಅಡ್ಡಪರಿಣಾಮ. ಬಿಡದ ತಲೆನೋವು, ಮುಖ ಬಿಸಿಯಾಗುವುದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಬೀಳುವುದು. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದು ಗಂಭೀರವಾಗಿ ಪರಿಗಣಿಸಬೇಕಾದ ಇಳಿತ. ವಯಸ್ಸಾದವರಲ್ಲಿ ಒಂದು ಸಲ ಸೊಂಟದ ಮೂಳೆ ಮುರಿದರೆ ಉಂಟಾಗುವ ನಷ್ಟ, ಈ ಮಾತ್ರೆ ಕೊಡುವ ಯಾವ ಲಾಭಕ್ಕಿಂತಲೂ ದೊಡ್ಡದು ಎಂಬುದು ನನ್ನ ದೃಢ ಅಭಿಪ್ರಾಯ. ನೈಟ್ರೇಟ್ ಅನ್ನನಾಳದ ಕೆಳತುದಿಯ ಸ್ನಾಯುವನ್ನೂ ಸಡಿಲಿಸುವುದರಿಂದ ಎದೆಯುರಿ, ಹುಳಿತೇಗು ಹೆಚ್ಚಬಹುದು. ಆ ಉರಿಯನ್ನೇ ಹೃದಯದ ನೋವೆಂದು ತಿಳಿದು ಪ್ರಮಾಣ ಏರಿಸಿದರೆ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ.

ಮೂರನೆಯದು, ಜೊತೆಯಲ್ಲಿ ಇರಬಾರದ ಬೇರೆ ಔಷಧಿಯ ಅಗತ್ಯ. ಸಿಲ್ಡೆನಾಫಿಲ್, ಟಡಾಲಾಫಿಲ್ ಮುಂತಾದವನ್ನು ನೈಟ್ರೇಟ್ ಜೊತೆ ತೆಗೆದುಕೊಂಡರೆ ಬಿಪಿ ಪ್ರಾಣಕ್ಕೆ ಅಪಾಯವಾಗುವಷ್ಟು ಕುಸಿಯಬಹುದು. ಇವನ್ನು ಲೈಂಗಿಕ ಸಮಸ್ಯೆಗೆ ಮಾತ್ರವಲ್ಲ, ಶ್ವಾಸಕೋಶದ ರಕ್ತನಾಳದ ಒತ್ತಡಕ್ಕೂ, ಟಡಾಲಾಫಿಲನ್ನು ಪ್ರಾಸ್ಟೇಟ್ ತೊಂದರೆಗೂ ಕೊಡುತ್ತಾರೆ. ಈ ವಿಷಯ ಹೇಳಿಕೊಳ್ಳಲು ಬಹಳ ಜನ ಸಂಕೋಚಪಡುತ್ತಾರೆ, ಗುಟ್ಟಾಗಿ ಮಾತ್ರೆ ಕೊಳ್ಳುತ್ತಾರೆ. ವೈದ್ಯರೇ ಮುಂದಾಗಿ, ಮನೆಯವರನ್ನು ಹೊರಗೆ ಕೂರಿಸಿ, ನೇರವಾಗಿ ಕೇಳುವುದು ಒಳ್ಳೆಯದು.

ಇವಲ್ಲದೆ, ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿರುವವರಲ್ಲಿ ಅಥವಾ ಹೃದಯದ ಸ್ನಾಯು ದಪ್ಪಗಾಗಿ ರಕ್ತದ ಹರಿವಿಗೆ ತಡೆಯೊಡ್ಡುತ್ತಿರುವವರಲ್ಲಿ ನೈಟ್ರೇಟ್ ತೊಂದರೆಯನ್ನೇ ತರಬಹುದು. ಅಂಥವರ ಚೀಟಿಯಲ್ಲಿ ಈ ಮಾತ್ರೆ ಕಂಡರೆ ಕೂಡಲೇ ಹೃದ್ರೋಗ ತಜ್ಞರ ಗಮನಕ್ಕೆ ತರಬೇಕು.

ಹಂತ 2: ಯಾರಲ್ಲಿ ಈ ಪ್ರಯತ್ನ ಬೇಡ

ಇತ್ತೀಚೆಗೆ ನೋವು ಹೆಚ್ಚಾಗಿರುವವರು, ಕಡಿಮೆ ಶ್ರಮಕ್ಕೇ ಬರತೊಡಗಿರುವವರು, ಕೂತಲ್ಲಿ ಮಲಗಿದಲ್ಲಿ ನೋವು ಬರುವವರು ಸ್ಥಿರ ಆಂಜೈನಾದವರೇ ಅಲ್ಲ. ಅವರಿಗೆ ಬೇಕಾಗಿರುವುದು ತುರ್ತು ತಪಾಸಣೆ. ರಕ್ತನಾಳ ಇದ್ದಕ್ಕಿದ್ದಂತೆ ಸೆಟೆದುಕೊಂಡು, ಹೆಚ್ಚಾಗಿ ನಡುರಾತ್ರಿ ಅಥವಾ ಬೆಳಗಿನ ಜಾವ ನೋವು ಬರುವ ಬಗೆಯ ಆಂಜೈನಾದಲ್ಲಿ ನೈಟ್ರೇಟಿಗೆ ನಿಜವಾದ ಪಾತ್ರವಿದೆ, ಅಲ್ಲಿ ಕೈ ಹಾಕಬಾರದು. ಹಾಗೆಯೇ ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿದವರಿಗೆ ಹೈಡ್ರಲಜೀನ್ ಎಂಬ ಔಷಧಿಯ ಜೊತೆ ಐಸೊಸಾರ್ಬೈಡ್ ಡೈನೈಟ್ರೇಟ್ (ಸಾರ್ಬಿಟ್ರೇಟ್‌ನಲ್ಲಿರುವ ನೈಟ್ರೇಟ್) ಕೊಟ್ಟಿದ್ದರೆ ಅದು ಎದೆನೋವಿಗಲ್ಲ, ಹೃದಯ ವೈಫಲ್ಯಕ್ಕೆ. ಒಂದೇ ಹೆಸರಿನ ಮಾತ್ರೆಯಾದ್ದರಿಂದ ಇಲ್ಲಿ ತಪ್ಪಾಗುವ ಸಂಭವ ಹೆಚ್ಚು. ಮೂರೂ ರಕ್ತನಾಳಗಳಲ್ಲಿ ಅಡಚಣೆ ಇದ್ದು ಸ್ಟೆಂಟ್ ಅಥವಾ ಬೈಪಾಸ್ ಸಾಧ್ಯವಿಲ್ಲವೆಂದು ಔಷಧಿಯ ಮೇಲೇ ಇರುವವರ ವಿಷಯದಲ್ಲಿ ಹೃದ್ರೋಗ ತಜ್ಞರ ಮಾತೇ ಅಂತಿಮ.

ಹಂತ 3: ಇಳಿಸುವ ಮೊದಲಿನ ತಯಾರಿ

ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ, ಮೇಜಿನ ಮೇಲೆ ಹರಡಿ. ಒಂದೇ ಔಷಧಿ ಎರಡು ಬ್ರಾಂಡ್ ಹೆಸರಿನಲ್ಲಿ ನಡೆಯುತ್ತಿರುವುದು ಬಯಲಾಗುವುದು ಸಾಮಾನ್ಯವಾಗಿ ಹೀಗೆಯೇ. ನಂತರ ನೈಟ್ರೇಟ್ ಬಿಟ್ಟು ಉಳಿದ ಚಿಕಿತ್ಸೆ ಸರಿಯಾಗಿದೆಯೇ ಎಂದು ನೋಡಬೇಕು. ಆಂಜೈನಾ ತಡೆಯಲು ಮೊದಲ ಆಯ್ಕೆ ಬೀಟಾ ಬ್ಲಾಕರ್ (ನಾಡಿಯ ವೇಗ ತಗ್ಗಿಸುವ, ಮೆಟೊಪ್ರೊಲಾಲ್‌ನಂಥ ಮಾತ್ರೆ) ಅಥವಾ ಅಮ್ಲೋಡಿಪಿನ್‌ನಂಥ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ನೈಟ್ರೇಟ್ ಬರುವುದು ಅವುಗಳ ನಂತರ. ಮೊದಲ ಸಾಲಿನ ಔಷಧಿಯೇ ಇಲ್ಲದೆ ಬರೀ ನೈಟ್ರೇಟ್ ಮೇಲೆ ನಿಂತಿರುವವರಿಗೆ, ಆ ಕೊರತೆ ತುಂಬಿದ ಮೇಲೆಯೇ ಮುಂದಿನ ಹೆಜ್ಜೆ.

ಸಮಯದ ಆಯ್ಕೆಯೂ ಮುಖ್ಯ. ಚಳಿ ಆಂಜೈನಾವನ್ನು ಕೆರಳಿಸುತ್ತದೆ, ಆದ್ದರಿಂದ ಡಿಸೆಂಬರ್, ಜನವರಿಯ ಕೊರೆಯುವ ದಿನಗಳು ಬೇಡ. ಶಬರಿಮಲೆ ಯಾತ್ರೆಯ ಮುಂಚೆ, ಮನೆಯಲ್ಲಿ ಮದುವೆ ಇರುವಾಗ, ಮಲೆನಾಡಿನವರಾದರೆ ಅಡಿಕೆ ಕೊಯ್ಲಿನ ನಡುವೆ, ಅಥವಾ ಬೇರೆ ಶಸ್ತ್ರಚಿಕಿತ್ಸೆ ನಿಗದಿಯಾಗಿರುವಾಗ ಶುರು ಮಾಡಬೇಡಿ. ಬದುಕು ತನ್ನ ಎಂದಿನ ಲಯದಲ್ಲಿರುವ ಆರೆಂಟು ವಾರ ಸಿಗಬೇಕು. ಆ ಅವಧಿಯಲ್ಲಿ ಬೇರೆ ಯಾವ ಹೃದಯದ ಮಾತ್ರೆಯನ್ನೂ ಕಡಿಮೆ ಮಾಡಬಾರದು. ಬೀಟಾ ಬ್ಲಾಕರನ್ನು ಹಠಾತ್ತನೆ ಬಿಡುವುದು ತಾನೇ ಒಂದು ಅಪಾಯ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಸ್ಟಾಟಿನ್‌ಗಳ ತಂಟೆಗಂತೂ ಹೋಗಲೇಬಾರದು.

ಈಗ ಅತ್ಯಂತ ಮುಖ್ಯವಾದ ಮಾತು. ದಿನವೂ ನುಂಗುವ ನೈಟ್ರೇಟ್ ಬೇರೆ, ನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅಥವಾ ಬಾಯೊಳಗೆ ಹೊಡೆದುಕೊಳ್ಳುವ ಸ್ಪ್ರೇ ಬೇರೆ. ನಾವು ನಿಲ್ಲಿಸುತ್ತಿರುವುದು ಮೊದಲನೆಯದನ್ನು ಮಾತ್ರ. ಸಾರ್ಬಿಟ್ರೇಟ್ ಎರಡೂ ರೀತಿಯಲ್ಲಿ ಬಳಕೆಯಾಗುವುದರಿಂದ, "ಸಾರ್ಬಿಟ್ರೇಟ್ ನಿಲ್ಲಿಸಿ" ಎಂಬ ಒಂದೇ ಸಾಲಿನ ಸೂಚನೆ ಕೇಳಿ ಜೇಬಿನಲ್ಲಿದ್ದ ತುರ್ತಿನ ಮಾತ್ರೆಯನ್ನೂ ಎಸೆದುಬಿಡುವ ಅಪಾಯವಿದೆ. ಆದ್ದರಿಂದ ವೈದ್ಯರು ಚೀಟಿಯಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆಯಲಿ: "ದಿನನಿತ್ಯದ ಮಾತ್ರೆ ಕಡಿಮೆ ಮಾಡುವುದು. ನಾಲಿಗೆಯ ಕೆಳಗಿನ ಮಾತ್ರೆ ಯಾವಾಗಲೂ ಹತ್ತಿರ ಇಟ್ಟುಕೊಂಡಿರುವುದು." ತುರ್ತಿನ ಮಾತ್ರೆಯ ಅವಧಿ ಮುಗಿದಿದೆಯೇ ಎಂದು ಅದೇ ದಿನ ನೋಡಿ, ಮುಗಿದಿದ್ದರೆ ಹೊಸದನ್ನು ಕೊಳ್ಳಿ.

ಹಂತ 4: ಹಂತಹಂತವಾಗಿ ಇಳಿಸುವುದು

ಒಮ್ಮೆಲೇ ಏಕೆ ಬಿಡಬಾರದು ಎಂಬುದಕ್ಕೆ ಕಾರ್ಖಾನೆಗಳಿಂದ ಬಂದ ಪಾಠವಿದೆ. ಅಮೆರಿಕದ ಮದ್ದುಗುಂಡು ಕಾರ್ಖಾನೆಯಲ್ಲಿ ನೈಟ್ರೋಗ್ಲಿಸರಿನ್ ಸಂಪರ್ಕದಲ್ಲೇ ವರ್ಷಗಟ್ಟಲೆ ದುಡಿದ ಕಾರ್ಮಿಕರಿಗೆ, ಕೆಲಸದಿಂದ ದೂರವಿದ್ದ ರಜೆಯ ದಿನಗಳಲ್ಲಿ ಎದೆನೋವು ಬರುತ್ತಿದ್ದುದನ್ನು ವೈದ್ಯರು 1972ರಲ್ಲಿ ವರದಿ ಮಾಡಿದರು. ಅವರಲ್ಲಿ ಕೆಲವರ ರಕ್ತನಾಳಗಳಲ್ಲಿ ಕೊಬ್ಬಿನ ಅಡಚಣೆಯೇ ಇರಲಿಲ್ಲ. ನೈಟ್ರೇಟಿಗೆ ಒಗ್ಗಿಹೋದ ನಾಳಗಳು ಅದು ಥಟ್ಟನೆ ಇಲ್ಲವಾದಾಗ ಸೆಟೆದುಕೊಳ್ಳುತ್ತಿದ್ದವು. ಮಾತ್ರೆ ನುಂಗುವವರ ಸ್ಥಿತಿ ಅಷ್ಟು ತೀವ್ರವಲ್ಲ. ಆದರೂ ನಿಧಾನಕ್ಕೆ ಇಳಿಸುವುದರಿಂದ ಕಳೆದುಕೊಳ್ಳುವುದು ಕೆಲವು ವಾರಗಳನ್ನಷ್ಟೇ.

ಸಾಮಾನ್ಯ ನಿಯಮವೆಂದರೆ ಒಂದರಿಂದ ನಾಲ್ಕು ವಾರಗಳಿಗೊಮ್ಮೆ ಪ್ರಮಾಣವನ್ನು ಕಾಲು ಭಾಗದಿಂದ ಅರ್ಧದಷ್ಟು ಇಳಿಸುವುದು. ಎರಡು ವಾರದ ಅಂತರ ಹೆಚ್ಚಿನವರಿಗೆ ಹೊಂದುತ್ತದೆ.

ಒಂದು ಚೀಟಿಯನ್ನೇ ಉದಾಹರಣೆಯಾಗಿ ನೋಡೋಣ. 72 ವರ್ಷದ ಹಿರಿಯರೊಬ್ಬರು, ಐದು ವರ್ಷದ ಹಿಂದೆ ಸ್ಟೆಂಟ್ ಆಗಿದೆ, ಎರಡು ವರ್ಷದಿಂದ ನೋವಿಲ್ಲ ಎಂದುಕೊಳ್ಳಿ. ಆಸ್ಪಿರಿನ್ 75, ಮೆಟೊಪ್ರೊಲಾಲ್ 50, ಟೆಲ್ಮಿಸಾರ್ಟಾನ್ 40, ಅಟೊರ್ವಾಸ್ಟಾಟಿನ್ 40 ಮತ್ತು ದೀರ್ಘಾವಧಿಯ ಐಸೊಸಾರ್ಬೈಡ್ ಮೋನೋನೈಟ್ರೇಟ್ 60 ಮಿಲಿಗ್ರಾಂ ನಡೆಯುತ್ತಿವೆ. ಮಲಗಿದಾಗ ಮೇಲಿನ ಬಿಪಿ 124, ಎದ್ದು ನಿಂತಾಗ 98. ವಿಚಾರಿಸಿದರೆ, ಮರೆತುಹೋಗಬಾರದೆಂದು ಮೋನೋನೈಟ್ರೇಟನ್ನು ರಾತ್ರಿ ಊಟದ ಮಾತ್ರೆಗಳ ಜೊತೆ ನುಂಗುತ್ತಿರುವುದು ಗೊತ್ತಾಗುತ್ತದೆ. ಎಂದರೆ ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಏಳುವಾಗ ಮಾತ್ರೆ ತನ್ನ ಕೆಲಸ ಜೋರಾಗಿಯೇ ಮಾಡುತ್ತಿರುತ್ತದೆ. ಇವರ ವಿಷಯದಲ್ಲಿ ಮೊದಲ ಹೆಜ್ಜೆ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸುವುದು. ಅದರ ಜೊತೆಗೇ ಅಥವಾ ಒಂದು ವಾರ ಬಿಟ್ಟು 60 ಅನ್ನು 30ಕ್ಕೆ ಇಳಿಸುವುದು. ಎರಡು ವಾರ ನೋವಿಲ್ಲದೆ ಕಳೆದರೆ ನಿಲ್ಲಿಸುವುದು. ರೋಗಿಗೆ ಅಳುಕಿದ್ದರೆ 30 ಅನ್ನೇ ಇನ್ನೆರಡು ವಾರ ಮುಂದುವರಿಸಿದರೂ ತಪ್ಪಿಲ್ಲ.

ದೀರ್ಘಾವಧಿ ಮಾತ್ರೆಗಳನ್ನು ಪುಡಿ ಮಾಡಬಾರದು, ಅಗಿಯಬಾರದು. ಹಾಗೆ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರಿ ಬಿಪಿ ಕುಸಿಯಬಹುದು. ನಡುವೆ ಗೀರು ಇರುವ ಕೆಲವು ಬ್ರಾಂಡ್‌ಗಳನ್ನು ಮಾತ್ರ ಎರಡು ಭಾಗ ಮಾಡಬಹುದು. ಖಚಿತವಿಲ್ಲದಿದ್ದರೆ 30ರ ಮಾತ್ರೆಯನ್ನೇ ಬರೆಸಿಕೊಳ್ಳುವುದು ಕ್ಷೇಮ.

ಸಾಮಾನ್ಯ ಮೋನೋನೈಟ್ರೇಟ್ 20 ಮಿಲಿಗ್ರಾಂ ದಿನಕ್ಕೆ ಎರಡು ಸಲ ತೆಗೆದುಕೊಳ್ಳುವವರು ಮೊದಲು ಎರಡೂ ಹೊತ್ತು 10ಕ್ಕೆ, ಬಳಿಕ ಬೆಳಿಗ್ಗೆ ಒಂದು 10ಕ್ಕೆ ಇಳಿಸಿ ನಿಲ್ಲಿಸಬಹುದು. ಡೈನೈಟ್ರೇಟ್ 10 ಮಿಲಿಗ್ರಾಂ ದಿನಕ್ಕೆ ಮೂರು ಸಲ ಇದ್ದರೆ ಪ್ರತಿ ಹಂತದಲ್ಲಿ ಒಂದೊಂದು ಹೊತ್ತಿನದನ್ನು ಬಿಡುತ್ತ ಬರುವುದು. ಹಿಂದೆ ನೋವು ಯಾವ ಹೊತ್ತಿನ ಶ್ರಮಕ್ಕೆ ಬರುತ್ತಿತ್ತೋ ಆ ಹೊತ್ತಿನದನ್ನು ಕೊನೆಗೆ ಉಳಿಸಿಕೊಳ್ಳಿ. ನೈಟ್ರೋಗ್ಲಿಸರಿನ್ (ನೈಟ್ರೋಕಾಂಟಿನ್) 6.4 ಎರಡು ಹೊತ್ತು ಇದ್ದವರು 2.6 ಎರಡು ಹೊತ್ತು, ಬಳಿಕ 2.6 ಒಂದು ಹೊತ್ತು. ಚರ್ಮಕ್ಕೆ ಅಂಟಿಸುವ ಪಟ್ಟಿಯಾದರೆ 10ರಿಂದ 5ರ ಪಟ್ಟಿಗೆ ಬರಬೇಕೇ ಹೊರತು ಕತ್ತರಿಯಿಂದ ಅರ್ಧ ಮಾಡಬಾರದು.

ನೈಟ್ರೇಟ್ ಬಿಡಿಸಿ ಅದರ ಜಾಗಕ್ಕೆ ಆಂಜೈನಾದ ಇನ್ನೊಂದು ಮಾತ್ರೆಯಾದ ನಿಕೊರಾಂಡಿಲ್ ತರುವುದು ಕೆಲವೊಮ್ಮೆ ಕಂಡುಬರುತ್ತದೆ. ನಿಕೊರಾಂಡಿಲ್‌ನಲ್ಲೂ ನೈಟ್ರೇಟಿನ ಗುಣವಿದೆ. ಅದನ್ನೂ ಸಿಲ್ಡೆನಾಫಿಲ್ ಜೊತೆ ಕೊಡುವಂತಿಲ್ಲ. ಸಿಲ್ಡೆನಾಫಿಲ್ ತೆಗೆದುಕೊಳ್ಳಲೆಂದೇ ನೈಟ್ರೇಟ್ ನಿಲ್ಲಿಸುತ್ತಿದ್ದರೆ ಈ ಬದಲಾವಣೆಗೆ ಅರ್ಥವಿಲ್ಲ.

ಹಂತ 5: ಏನನ್ನು ಗಮನಿಸಬೇಕು

ನೋವು ಮರಳುವುದಿದ್ದರೆ ಹೆಚ್ಚಾಗಿ ಇಳಿಸುವ ಅವಧಿಯಲ್ಲಿ ಅಥವಾ ನಿಲ್ಲಿಸಿದ ಮೊದಲ ನಾಲ್ಕು ವಾರಗಳಲ್ಲಿ ಮರಳುತ್ತದೆ. ಆದ್ದರಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಅಂದಿನ ಮಾತ್ರೆಯ ಪ್ರಮಾಣ, ಎಷ್ಟು ನಡೆದಿರಿ, ಎದೆ ಹಿಡಿದಂತಾಯಿತೇ, ನಾಲಿಗೆಯ ಕೆಳಗಿನ ಮಾತ್ರೆ ಬೇಕಾಯಿತೇ ಎಂಬಿಷ್ಟು ಸಾಕು. ದಿನವೂ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ನಡೆದರೆ ಹೋಲಿಸುವುದು ಸುಲಭ. ಮಾತ್ರೆ ನಿಲ್ಲಿಸಿದ್ದನ್ನು ಪರೀಕ್ಷಿಸಲೆಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋಗಬೇಡಿ.

ಮನೆಯಲ್ಲಿ ಬಿಪಿ ಯಂತ್ರವಿದ್ದರೆ ವಾರಕ್ಕೆರಡು ಸಲ, ಕೂತು ಒಮ್ಮೆ, ನಿಂತು ಒಮ್ಮೆ ನೋಡಿ ಬರೆದುಕೊಳ್ಳಿ. ನೈಟ್ರೇಟ್ ಹೋದ ಮೇಲೆ ಬಿಪಿ ತುಸು ಏರಬಹುದು. ಮೇಲೆ ಹೇಳಿದ ಹಿರಿಯರಂಥವರಿಗೆ ಅದು ಬೇಕಾದದ್ದೇ. ಏರಿಕೆ ಹೆಚ್ಚಾದರೆ ಉಳಿದ ಬಿಪಿ ಮಾತ್ರೆಗಳನ್ನು ವೈದ್ಯರು ಹೊಂದಿಸುತ್ತಾರೆ. ವೈದ್ಯರ ಭೇಟಿ ಪ್ರತಿ ಹಂತದ ಕೊನೆಗೆ ಒಮ್ಮೆ, ಪೂರ್ತಿ ನಿಲ್ಲಿಸಿ ನಾಲ್ಕು ವಾರಕ್ಕೆ ಒಮ್ಮೆ, ಬಳಿಕ ಮೂರು ತಿಂಗಳಿಗೆ ಒಮ್ಮೆ ಇರಲಿ. ಒಂಟಿಯಾಗಿರುವ ಹಿರಿಯರಿಗೆ ಮಕ್ಕಳು ಫೋನಿನಲ್ಲಿ "ಹೇಗಿದ್ದೀರಿ" ಎಂದು ಕೇಳಿ ಸುಮ್ಮನಾಗದೆ, ಪುಸ್ತಕದಲ್ಲಿ ಬರೆದದ್ದನ್ನು ಓದಿಸಿಕೊಳ್ಳುವುದು ಮೇಲು.

ಹಂತ 6: ನೋವು ಮರಳಿದರೆ

ಶ್ರಮ ನಿಲ್ಲಿಸಿ, ಕುಳಿತುಕೊಳ್ಳಿ. ನಿಂತೇ ಮಾತ್ರೆ ಇಟ್ಟುಕೊಂಡರೆ ಬಿಪಿ ಇಳಿದು ಬೀಳಬಹುದು. ನಾಲಿಗೆಯ ಕೆಳಗೆ ಒಂದು ಮಾತ್ರೆ ಇಡಿ ಅಥವಾ ಒಂದು ಸಲ ಸ್ಪ್ರೇ ಹೊಡೆದುಕೊಳ್ಳಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ, ಅಥವಾ ಹೆಚ್ಚುತ್ತಿದ್ದರೆ, ಅಥವಾ ಬೆವರು, ವಾಂತಿ, ಉಸಿರುಕಟ್ಟುವಿಕೆ ಜೊತೆಗಿದ್ದರೆ ಇನ್ನು ಕಾಯದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಐದು ನಿಮಿಷದ ಅಂತರದಲ್ಲಿ ಒಟ್ಟು ಮೂರು ಸಲದವರೆಗೆ ತೆಗೆದುಕೊಳ್ಳಬಹುದು, ತಲೆಸುತ್ತು ಇದ್ದರೆ ಬೇಡ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗುವುದರಲ್ಲಿ ಅಮೂಲ್ಯ ಸಮಯ ಹೋಗುತ್ತದೆ. ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ ಅಥವಾ ಟಡಾಲಾಫಿಲ್ ತೆಗೆದುಕೊಂಡು 48 ಗಂಟೆ ಆಗಿರದಿದ್ದರೆ ನಾಲಿಗೆಯ ಕೆಳಗಿನ ಮಾತ್ರೆಯನ್ನು ಮುಟ್ಟದೆ ನೇರ ಆಸ್ಪತ್ರೆಗೆ ಹೋಗಬೇಕು, ಹೋದ ಕೂಡಲೇ ಅಲ್ಲಿನ ವೈದ್ಯರಿಗೆ ಅದನ್ನು ಹೇಳಬೇಕು.

ಹಿಂದಿನಂತೆಯೇ ಶ್ರಮಕ್ಕೆ ಬಂದು ವಿಶ್ರಾಂತಿಗೆ ಹೋಗುವ ನೋವು ಮರಳಿದ್ದರೆ, ಅದೇ ದಿನ ಅಥವಾ ಮರುದಿನ ವೈದ್ಯರಿಗೆ ತಿಳಿಸಿ. ನೋವಿಲ್ಲದೆ ಇದ್ದ ಕೊನೆಯ ಪ್ರಮಾಣಕ್ಕೆ ಹಿಂದಿರುಗುವುದು ಸಾಮಾನ್ಯ ಕ್ರಮ. ಇದರಿಂದ ರೋಗಿ ಎದೆಗುಂದಬೇಕಿಲ್ಲ: ಈ ಮಾತ್ರೆ ತನಗೆ ನಿಜಕ್ಕೂ ಬೇಕು ಎಂಬುದು ಈಗ ಊಹೆಯಾಗಿ ಉಳಿಯದೆ ಖಚಿತವಾಗಿದೆ, ಎಷ್ಟು ಕಡಿಮೆ ಪ್ರಮಾಣ ಸಾಕೆಂಬುದೂ ತಿಳಿದಿದೆ. ಆದರೆ ಹಳೆಯ ಪ್ರಮಾಣಕ್ಕೆ ಮರಳಿಸಿ ವೈದ್ಯರು ಸುಮ್ಮನಾಗಬಾರದು. ರಕ್ತಹೀನತೆ ಇದೆಯೇ, ಥೈರಾಯ್ಡ್ ಏರಿದೆಯೇ, ಬೀಡಿ ಸಿಗರೇಟು ಮತ್ತೆ ಶುರುವಾಗಿದೆಯೇ, ಬೀಟಾ ಬ್ಲಾಕರ್ ತಪ್ಪುತ್ತಿದೆಯೇ, ನಾಡಿ ಇನ್ನೂ ವೇಗವಾಗಿಯೇ ಇದೆಯೇ ಎಂದು ನೋಡಬೇಕು. ಮೊದಲ ಸಾಲಿನ ಔಷಧಿಯನ್ನು ಸರಿಪಡಿಸಿ, ಅಗತ್ಯವಿದ್ದರೆ ಮತ್ತೆ ಆಂಜಿಯೋಗ್ರಾಂ ಬೇಕೇ ಎಂದು ತಜ್ಞರನ್ನು ಕೇಳಿ, ಎಲ್ಲ ಸರಿಯಾದ ಮೇಲೆ ಇನ್ನೊಮ್ಮೆ ನಿಧಾನವಾಗಿ ಪ್ರಯತ್ನಿಸಬಹುದು.

ನಿಲ್ಲಿಸಿದ ನಂತರ

ಸಿಲ್ಡೆನಾಫಿಲ್, ಟಡಾಲಾಫಿಲ್ ಬೇಕೆಂದೇ ನಿಲ್ಲಿಸಿದವರು, ನೈಟ್ರೇಟ್ ಇಲ್ಲದೆ ಕೆಲವು ವಾರ ನೋವಿಲ್ಲದೆ ಕಳೆದು, ಮೆಟ್ಟಿಲು ಹತ್ತುವಷ್ಟು ಶ್ರಮ ಆರಾಮವಾಗಿ ಆಗುತ್ತಿದೆ ಎಂದು ವೈದ್ಯರು ಖಾತ್ರಿಪಡಿಸಿಕೊಂಡ ಮೇಲೆಯೇ ಅವನ್ನು ಶುರು ಮಾಡಬೇಕು. ಆಗ ಜೇಬಿನ ತುರ್ತಿನ ಮಾತ್ರೆಯ ಬಗ್ಗೆ ಹಿಂದಿನ ಹಂತದಲ್ಲಿ ಹೇಳಿದ 24 ಮತ್ತು 48 ಗಂಟೆಗಳ ನಿಯಮವನ್ನು ಹೆಂಡತಿಗೂ ತಿಳಿಸಿರಬೇಕು. ನೋವಿನ ಗಾಬರಿಯಲ್ಲಿ ಮಾತ್ರೆ ಬಾಯಿಗಿಡುವವರು ಹೆಚ್ಚಾಗಿ ಅವರೇ.

ಉಳಿದ ಹಳೆಯ ಸ್ಟ್ರಿಪ್‌ಗಳನ್ನು ಮಾತ್ರೆಯ ಡಬ್ಬಿಯಿಂದ ತೆಗೆದುಬಿಡಿ, ಇಲ್ಲವಾದರೆ ಮನೆಯವರು ಅಭ್ಯಾಸಬಲದಿಂದ ಮತ್ತೆ ಕೊಡಲು ಶುರು ಮಾಡುತ್ತಾರೆ. ಔಷಧಿ ಅಂಗಡಿಯವರು ಹಳೆಯ ಚೀಟಿ ನೋಡಿ ಕೊಡುವುದುಂಟು, ಆದ್ದರಿಂದ ಹೊಸ ಚೀಟಿ ಬರೆಸಿಕೊಂಡು ಹಳೆಯದರ ಮೇಲೆ ಗೆರೆ ಎಳೆಯಿರಿ. ಆಸ್ಪತ್ರೆಯ ಫೈಲಿನ ಮೊದಲ ಪುಟದಲ್ಲೇ, ಯಾವ ನೈಟ್ರೇಟನ್ನು, ಯಾವ ಪ್ರಮಾಣದಿಂದ, ಯಾವ ದಿನಾಂಕದಂದು, ಯಾವ ಕಾರಣಕ್ಕೆ ನಿಲ್ಲಿಸಲಾಯಿತು ಮತ್ತು ನಾಲಿಗೆಯ ಕೆಳಗಿನ ಮಾತ್ರೆ ಮುಂದುವರಿದಿದೆ ಎಂಬುದನ್ನು ವೈದ್ಯರಿಂದ ಬರೆಸಿ ಸಹಿ ಹಾಕಿಸಿಕೊಳ್ಳಿ. ಜ್ವರಕ್ಕೋ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೋ ಬೇರೆ ಆಸ್ಪತ್ರೆ ಸೇರಿದಾಗ ಹಳೆಯ ಡಿಸ್ಚಾರ್ಜ್ ಪತ್ರ ನೋಡಿ ಅದೇ ಮಾತ್ರೆಯನ್ನು ಮತ್ತೆ ಬರೆಯುವುದು ಸಾಧ್ಯ. ಬಿಡುಗಡೆಯ ದಿನ ಹೊಸ ಚೀಟಿಯನ್ನು ಈ ಪುಟದೊಂದಿಗೆ ತಾಳೆ ನೋಡಿ, ವ್ಯತ್ಯಾಸ ಕಂಡರೆ ಮನೆಗೆ ಹೊರಡುವ ಮೊದಲೇ ಅಲ್ಲಿನ ವೈದ್ಯರನ್ನು ಕೇಳಿ.